ಮಾವನೋರ ಫಿಯಟ್ಟು, ಕೆಂಗೇರಿಯ ಒಂದು ಸಹಿ

ನಮ್ಮ ಬೀದಿಯವ್ರೆಲ್ಲಾ ಕೇಳಿದ್ದಾಯ್ತು, ನೆಂಟರ ಮದುವೆ ಮುಂಜಿಗಳಲ್ಲೂ ಕೇಳಿದ್ದಾಯ್ತು. "ಆ ಗುಜರಿ ಕಾರನ್ನ ಅದ್ಹೆಂಗೆ ಓಡೋ ಹಂಗೆ ಮಾಡಿದ್ರಿ? ಎಷ್ಟಾಯ್ತು?" ಅಂತ. ಒಬ್ಬೊಬ್ರಿಗೂ ಹೇಳಿ ಹೇಳಿ ಬಾಯಿ ನೋವು ಬಂತು. ಅದಕ್ಕೇ ಈ ಸಲ ಹಪ್ಪಳ ಉಪ್ಪಿನಕಾಯಿ ಎಲ್ಲಾ ಬದಿಗಿಟ್ಟು ಕಾರಿನ ವಿಷಯ ಬರೀತಿದೀನಿ. ಖರ್ಚಿನ ಲೆಕ್ಕಾನೂ ಕೊಡ್ತೀನಿ. ಲೆಕ್ಕಕ್ಕೆ ಬರದೇ ಇರೋದು ಒಂದಿದೆ, ಅದನ್ನೂ ಮುಚ್ಚಿಡದೆ ಹೇಳ್ತೀನಿ.

ನಮ್ಮ ಮಾವನೋರದು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಲ್ಲಿ ಒಂದು ಸಣ್ಣ ಲೇತ್ ಶೆಡ್ಡು. 1976ರಲ್ಲಿ ಮಲ್ಲೇಶ್ವರದ ಡಾಕ್ಟರೊಬ್ರ ಹತ್ರ ಸೆಕೆಂಡ್ ಹ್ಯಾಂಡಲ್ಲಿ ತಗೊಂಡ ಕಾರು ಇದು. ಫಿಯಟ್ 1100 ಡಿಲೈಟ್ ಅಂತ, 1970ರ ಗಾಡಿ. ಇಟಲಿ ಫಿಯಟ್ ಕಂಪನಿಯ ಕಾರನ್ನ ಮುಂಬೈ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನೋರು ಮಾಡ್ತಿದ್ರು. ಇದೇ ಕಾರೇ ಆಮೇಲೆ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, 1974ರಿಂದ ಪ್ರೀಮಿಯರ್ ಪದ್ಮಿನಿ ಆಗಿದ್ದು. ಪದ್ಮಿನಿ ಅಂದ್ರೆ ನಿಮಗೆಲ್ಲಾ ಗೊತ್ತಾಗತ್ತೆ. ಗೇರು ಸ್ಟೀರಿಂಗ್ ಪಕ್ಕದಲ್ಲೇ ಇರತ್ತಲ್ಲ, ಅದೇ. ನಮ್ಮ ಕಾರಿನ ನಂಬರು 'ಎಂವೈ' ಅಂತ ಶುರುವಾಗತ್ತೆ. ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟಿದ್ದು 1973ರ ನವೆಂಬರ್ 1ಕ್ಕೆ. ಅಂದ್ರೆ ಇದು ಇನ್ನೂ ಮೈಸೂರು ರಾಜ್ಯ ಅಂತಿದ್ದಾಗಿನ ಗಾಡಿ.

1991ರಲ್ಲಿ ಮದುವೆ ಆಗಿ ನಾನು ಮಾಗಡಿಯಿಂದ ಈ ಮನೆಗೆ ಬಂದಿದ್ದು ಇದೇ ಕಾರಲ್ಲಿ. ತಾವರೆಕೆರೆ ಹತ್ರ ಬಾನೆಟ್ಟಿಂದ ಬುಸ್ ಅಂತ ಹೊಗೆ. ರೇಡಿಯೇಟರ್ ಕುದೀತಿತ್ತು. ನಮ್ಮನೆಯವ್ರು ಪೇಟ ಕೈಲಿ ಹಿಡ್ಕೊಂಡು ಸುಮ್ನೆ ನಿಂತಿದ್ರು, ಅವ್ರಿಗೆ ಕಾರಿನ ತಲೆಬುಡ ಗೊತ್ತಿಲ್ಲ. ಬ್ಯಾಂಕ್ ಕೆಲಸದೋರು, ಲೆಡ್ಜರ್ ಬಿಟ್ರೆ ಬೇರೆ ಯಾವ್ದೂ ಬೇಡ. ಆಗ ಇಪ್ಪತ್ತರ ಹುಡುಗ ನನ್ನ ಮೈದುನ ಪಕ್ಕದ ಮನೆಯಿಂದ ಎರಡು ಕೊಡ ನೀರು ತಂದು, ಎಂಜಿನ್ ಆರೋವರೆಗೂ ಕಾಯ್ದು, ಹುಯ್ದು, "ಹತ್ತಿ ಅತ್ತಿಗೆ" ಅಂದ. ಅವನು ಮಾವನೋರ ನೆರಳಿದ್ದಂಗೆ. ಭಾನುವಾರ ಬಂದ್ರೆ ಅಪ್ಪ ಮಗ ಇಬ್ರೂ ಕಾರಿನ ಕೆಳಗೇ.

2003ರಲ್ಲಿ ಮಾವನೋರು ಹೋದ್ರು. ಮೈದುನ ಮೂರು ವರ್ಷ ಓಡಿಸ್ದ, ಆಮೇಲೆ ಯಾವ್ದೋ ರಿಪೇರಿಗೆ ಅಂತ ನಿಂತಿದ್ದು ನಿಂತೇ ಹೋಯ್ತು. 2011ರಲ್ಲಿ ಅಣ್ಣ ತಮ್ಮಂದಿರು ಭಾಗ ಆದ್ರು. ಶೆಡ್ಡನ್ನ ತಾನು ನಡೆಸ್ಕೊಂಡು ಹೋಗ್ತೀನಿ, ದುಡ್ಡು ಕಂತಲ್ಲಿ ಕೊಡ್ತೀನಿ ಅಂತ ಮೈದುನ ಕೇಳ್ಕೊಂಡ. ಬೇಡ, ಮಾರಿ ಈಗ್ಲೇ ಲೆಕ್ಕ ಮುಗಿಸೋಣ ಅಂದಿದ್ದು ನಮ್ಮ ಕಡೆ. ನಮ್ಮ ಮಗನ ಎಂಜಿನಿಯರಿಂಗ್ ಸೀಟಿಗೆ ದುಡ್ಡು ಬೇಕಿತ್ತು. ಶೆಡ್ ಹೋಯ್ತು, ಮೈದುನ ಕೆಂಗೇರೀಲಿ ಮನೆ ಮಾಡ್ಕೊಂಡ, ಮಾತು ನಿಂತ್ಹೋಯ್ತು. 2016ರಲ್ಲಿ ಅತ್ತೆ ತೀರ್ಕೊಂಡಾಗ ವೈಕುಂಠ ಸಮಾರಾಧನೇಲಿ ಅಣ್ಣ ಒಂದು ಪಂಕ್ತಿ, ತಮ್ಮ ಇನ್ನೊಂದು ಪಂಕ್ತಿ. ಬಡಿಸೋಕೆ ನಿಂತಿದ್ದ ನಾನೂ ನನ್ನ ವಾರಗಿತ್ತೀನೂ ಮುಖ ಮುಖ ನೋಡ್ಕೊಂಡ್ವಿ ಅಷ್ಟೆ.

ಕಾರು ಮಾತ್ರ ನಮ್ಮನೆ ಪಕ್ಕದ ಸಂದೀಲೇ ಉಳ್ಕೊಳ್ತು. ನಿಜ ಹೇಳ್ಬೇಕು ಅಂದ್ರೆ ಅದು ನನಗೆ ಇನ್ನೊಂದು ಅಟ್ಟ ಆಗಿತ್ತು. ಡಿಕ್ಕೀಲಿ ತೆಂಗಿನಕಾಯಿ, ಹಿಂದಿನ ಸೀಟಲ್ಲಿ ಹಳೇ ಪೇಪರ್ರು, ಬಾನೆಟ್ ಮೇಲೆ ಸಂಡಿಗೆ. ಬೆಕ್ಕು ಎರಡು ಸಲ ಅಲ್ಲೇ ಮರಿ ಹಾಕ್ತು. ವಾಷಿಂಗ್ ಮೆಷಿನ್ ಪೈಪನ್ನೂ ಆ ಸಂದಿಗೇ ಬಿಟ್ಟಿದ್ದೆ. ಈ ಪೈಪಿನ ವಿಷಯ ನೆನಪಿಟ್ಕೊಳಿ, ಮುಂದೆ ಬರತ್ತೆ.

2022ರ ಯುಗಾದಿ ಆದ್ಮೇಲೆ ಸಂದಿ ಖಾಲಿ ಮಾಡ್ಸಿ ಮಹಡಿಗೆ ಹೊರಗಿಂದ ಮೆಟ್ಲು ಕಟ್ಸೋಣ, ಬಾಡಿಗೆಗೆ ಕೊಡೋಣ ಅಂತ ಆಯ್ತು. ಗುಜರಿಯವನು 14 ಸಾವಿರಕ್ಕೆ ಒಪ್ಕೊಂಡ. ಸೋಮವಾರ ಬಂದು ಎತ್ಕೊಂಡು ಹೋಗ್ತೀನಿ ಅಂದ. ಹಿಂದಿನ ಶನಿವಾರ ಬಾಡಿಗೆ ಮನೆ ನೋಡೋಕೆ ಬಂದಿದ್ದ ವಿಜಯನಗರದ ಹುಡುಗಿ ಒಬ್ಳು, ಸಾಫ್ಟ್‌ವೇರ್ ಕೆಲಸದೋಳು, ಮನೆ ನೋಡೋದು ಬಿಟ್ಟು ಸಂದೀಲಿ ಬಗ್ಗಿ ನೋಡ್ತಾ ನಿಂತ್ಳು. "ಆಂಟಿ, ಇದು ಡಿಲೈಟ್ ಅಲ್ವಾ? ದಯವಿಟ್ಟು ಗುಜರಿಗೆ ಹಾಕಬೇಡಿ" ಅಂದ್ಳು. ನೀನೇ ತಗೋತೀಯೇನಮ್ಮಾ ಅಂದೆ. "ಇಲ್ಲ ಆಂಟಿ, ನಮ್ಮಪ್ಪಂದೇ ಒಂದು ಪದ್ಮಿನಿ ಇದೆ, ನಿಲ್ಲಿಸೋಕೆ ಜಾಗ ಇಲ್ಲ. ನೀವೇ ಮಾಡಿಸಿ, ನಾವು ಬರ್ತೀವಿ" ಅಂದ್ಳು. ನಾವು ಅಂದ್ರೆ ಯಾರು ಅಂತ ಕೇಳಿದ್ರೆ, ಹಳೇ ಫಿಯಟ್ ಇಟ್ಕೊಂಡಿರೋರ ಒಂದು ಗುಂಪೇ ಇದೆಯಂತೆ. ನನ್ನ ತಲೇಲಿ ಆಗ ಬಂದಿದ್ದು ಬರೀ ವ್ಯಾಪಾರ. ರಿಪೇರಿ ಮಾಡ್ಸಿದ್ರೆ ಒಳ್ಳೆ ಬೆಲೆಗೆ ಮಾರಬಹುದು ಅಂತ. ಇದರಲ್ಲಿ ನಾಚಿಕೆ ಏನು, ಇದ್ದಿದ್ದು ಇದ್ದಂಗೆ ಹೇಳ್ತಿದೀನಿ. ನಂದೊಂದು ಚೀಟಿ ದುಡ್ಡು ಬಂದಿತ್ತು. ಗುಜರಿಯವನಿಗೆ ಬೇಡ ಅಂದೆ. ನಮ್ಮನೆಯವ್ರು "ಏನಾದ್ರೂ ಮಾಡ್ಕೋ" ಅಂದ್ರು.

ಮುಂದಿನ ಭಾನುವಾರ ಐದು ಜನ ಬಂದ್ರು. ಬಸವೇಶ್ವರನಗರದ ರಿಟೈರ್ಡ್ ಮೇಷ್ಟ್ರು ಒಬ್ರು, ನಲವತ್ತು ವರ್ಷದಿಂದ ಫಿಯಟ್ಟೇ ಓಡಿಸ್ತಿರೋರು. ನಾವೆಲ್ಲಾ ಅವ್ರನ್ನ ಫಿಯಟ್ ಮೇಷ್ಟ್ರು ಅಂತೀವಿ. ಅವ್ರು ಮೊದಲು ಹೇಳಿದ್ದು ಎರಡು ಮಾತು. ಒಂದು, "ಯಾರೇ ಬಂದು ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿ ನೋಡೋಣ ಅಂದ್ರೂ ಬಿಡಬೇಡೀಮ್ಮಾ." ಇನ್ನೊಂದು, "ಮೊದಲು ಕಾಗದಪತ್ರ ಸರಿ ಮಾಡ್ಕೊಳಿ, ಆಮೇಲೆ ದುಡ್ಡು ಹಾಕಿ." ಮೊದಲನೇದನ್ನ ಕೇಳಿದೆ. ಎರಡನೇದಕ್ಕೆ ಹೂಂ ಅಂದು ಸುಮ್ಮನಾದೆ. ಯಾಕೆ ಅಂದ್ರೆ ಆರ್‌ಸಿ ಇನ್ನೂ ಮಾವನೋರ ಹೆಸರಲ್ಲೇ ಇತ್ತು. ಅದನ್ನ ಬದಲಾಯಿಸ್ಬೇಕು ಅಂದ್ರೆ ಕೆಂಗೇರಿಗೆ ಹೋಗ್ಬೇಕಿತ್ತು.

ಹದಿನಾರು ವರ್ಷ ಅಲ್ಲಾಡದೆ ನಿಂತ ಎಂಜಿನ್ನಲ್ಲಿ ಪಿಸ್ಟನ್ನು ಸಿಲಿಂಡರಿಗೆ ಕಚ್ಕೊಂಡು ಕೂತಿರತ್ತಂತೆ. ಬಲವಂತ ಮಾಡಿದ್ರೆ ರಿಂಗು ಮುರಿಯತ್ತೆ. ಅದಕ್ಕೆ ನಾಲ್ಕೂ ಪ್ಲಗ್ಗು ಬಿಚ್ಚಿ, ಆ ತೂತುಗಳಲ್ಲಿ ಡೀಸೆಲ್ಲೂ ಎಂಜಿನ್ ಆಯಿಲ್ಲೂ ಕಲಸಿ ಹುಯ್ದು ನೆನೆಯೋಕೆ ಬಿಡಬೇಕು. ಇಂಗಿದಂಗೆಲ್ಲಾ ಮತ್ತೆ ಹಾಕಬೇಕು. ಆ ಕೆಲಸ ನನ್ನ ಪಾಲಿಗೆ ಬಂತು. ಬೆಳಿಗ್ಗೆ ತುಳಸಿಗೆ ನೀರು ಹಾಕಿ ಬಂದು, ಒಂದೊಂದು ತೂತಿಗೆ ಎರಡೆರಡು ಚಮಚ ಎಣ್ಣೆ. ಹದಿನೆಂಟು ದಿನ ಹಾಕಿದೆ. ಭೀಮನ ಅಮಾವಾಸ್ಯೆ ದಿನ, ನಾನು ಪೂಜೆ ಮುಗಿಸಿ ದಾರ ಕಟ್ಕೊಂಡು ಕಡುಬು ಬೇಯ್ಸಕ್ಕೆ ಇಟ್ಟಿದ್ದೆ, ಮೇಷ್ಟ್ರು ಮುಂದಿನ ಪುಲ್ಲಿಗೆ ದೊಡ್ಡ ಸ್ಪ್ಯಾನರ್ ಹಾಕಿ ಹಿಂದಕ್ಕೆ ಮುಂದಕ್ಕೆ ಮೆಲ್ಲಗೆ ಆಡಿಸ್ತಿದ್ರು. "ಅಮ್ಮಾ, ಬನ್ನಿ ಬನ್ನಿ" ಅಂತ ಕೂಗಿದ್ರು. ಕಾಲು ಸುತ್ತು ತಿರುಗಿತ್ತು. ಎಲ್ರಿಗೂ ಬಿಸಿ ಕಡುಬು ಕೊಟ್ಟೆ.

ಎಂಜಿನ್ ಬಿಚ್ಚಿ ಕಾಮಾಕ್ಷಿಪಾಳ್ಯಕ್ಕೆ ಹೋಯ್ತು. ಅಲ್ಲಿ ಬೀದಿ ಬೀದೀಲೂ ಲೇತು, ಪ್ಲೇಟಿಂಗು. ಸಿಲಿಂಡರ್ ಬೋರಿಂಗ್ ಮಾಡ್ಸಿ, ಹೊಸ ಪಿಸ್ಟನ್ ರಿಂಗು ಹಾಕ್ಸಿದ್ರು. 1089 ಸಿಸಿ ಎಂಜಿನ್ ಅಷ್ಟೆ, ಈಗಿನ ಸಣ್ಣ ಕಾರಿನಷ್ಟು. ಪೆಟ್ರೋಲ್ ಟ್ಯಾಂಕಿನ ಒಳಗೆ ಹಳೇ ಪೆಟ್ರೋಲು ಬೆಲ್ಲದ ಪಾಕದಂಗೆ ಅಂಟ್ಕೊಂಡಿತ್ತು. ಅದರೊಳಗೆ ಚೈನು ತುಂಡು, ಜಲ್ಲಿ ಹಾಕಿ ಕುಲುಕಿ ಕುಲುಕಿ ತೊಳೆದ್ರು. ಹಿತ್ತಾಳೆ ಬಿಂದಿಗೆ ಒಳಗೆ ಕೈ ಹೋಗದಿದ್ರೆ ನಾವು ಮರಳು ಹಾಕಿ ಕುಲುಕಲ್ವಾ, ಹಂಗೇ. ವೈರೆಲ್ಲಾ ಇಲಿ ತಿಂದಿತ್ತು, ಹೊಸದೇ ಎಳೆದ್ರು. ಬ್ರೇಕಿನ ರಬ್ಬರ್ರು ಕೈಲಿ ಹಿಡಿದ್ರೆ ರಾಗಿ ಹಿಟ್ಟಿನಂಗೆ ಉದುರ್ತಿತ್ತು.

ಎಲ್ಲಕ್ಕಿಂತ ಕಷ್ಟ ಆಗಿದ್ದು ತುಕ್ಕು. ಈ ಕಾರಿಗೆ ಲಾರಿಗಿರೋ ತರ ಕೆಳಗೆ ಬೇರೆ ಚಾಸಿ ಇರಲ್ವಂತೆ. ಮೈನೇ ಅದರ ಮೂಳೆ. ಹಂಗಾಗಿ ನೆಲ, ಬಾಗಿಲ ಕೆಳಗಿನ ಪಟ್ಟಿ ಕೊಳೆತ್ರೆ ಬಣ್ಣ ಬಳಿದು ಮುಚ್ಚೋ ಹಂಗಿಲ್ಲ, ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡ್ಬೇಕು. ಟಿಂಕರಿಂಗ್ ಮಾಡೋರು ಕೇಳಿದ್ರು, "ಬಲಗಡೆ ಪರವಾಗಿಲ್ಲ, ಎಡಗಡೆ ಮಾತ್ರ ಯಾಕಮ್ಮಾ ಇಷ್ಟು ಹೋಗಿದೆ? ಕೈ ಹಾಕಿದ್ರೆ ಆಚೆ ಬರತ್ತಲ್ಲ?" ನನಗೆ ತಕ್ಷಣ ಹೊಳೀತು. ವಾಷಿಂಗ್ ಮೆಷಿನ್ ಪೈಪು. ಹತ್ತು ವರ್ಷ ಸೋಪಿನ ನೀರು ಅಲ್ಲೇ ಹರೀತಿತ್ತು. "ಮಳೆ ಇರ್ಬೇಕು" ಅಂದ್ಬಿಟ್ಟೆ. ಎರಡು ದಿನ ನಿದ್ದೆ ಬರಲಿಲ್ಲ. ಮೂರನೇ ದಿನ ಮೇಷ್ಟ್ರಿಗೆ ನಿಜ ಹೇಳಿದೆ. ಅವ್ರು ಬೈಲಿಲ್ಲ. "ನಿಲ್ಲಿಸಿಟ್ಟಿದ್ದೇ ಮೊದಲ ತಪ್ಪು ಅಮ್ಮಾ. ಓಡ್ತಾ ಇದ್ದಿದ್ರೆ ನೀವು ಪೈಪ್ ಅಲ್ಲಿಗೆ ಬಿಡ್ತಿದ್ರಾ?" ಅಂದ್ರು. ಎಡಗಡೆ ಪಟ್ಟೀನೂ, ನೆಲದ ಅರ್ಧಾನೂ ಹೊಸದೇ ಹಾಕ್ಬೇಕಾಯ್ತು.

ನನ್ನ ಕೈಲಿ ಆಗಿದ್ದನ್ನ ನಾನೂ ಮಾಡ್ದೆ. ಹಳೇ ಸೀಟು ಬಿಚ್ಚಿದ್ರೆ ಒಳಗೆ ಸ್ಪ್ರಿಂಗು, ತೆಂಗಿನ ನಾರು. ಸ್ಪ್ರಿಂಗನ್ನ ಅವ್ರು ಸರಿ ಮಾಡಿ ಕೊಟ್ರು. ಹಳೇ ಕವರಿನ ಹೊಲಿಗೆ ಬಿಚ್ಚಿ, ಪೇಪರ್ ಮೇಲೆ ಅಳತೆ ತಗೊಂಡು, ರೆಕ್ಸಿನ್ ನಾನೇ ಹೊಲಿದೆ. ಬ್ಲೌಸ್ ಹೊಲಿಯೋ ಮೆಷಿನ್ನಲ್ಲಿ ರೆಕ್ಸಿನ್ ಓಡಲ್ಲ ಅಂತ ನಮ್ಮ ಎದುರುಮನೆ ಟೈಲರ್ ಹೇಳಿದ್ರು. ದಪ್ಪ ಸೂಜಿ ಹಾಕಿ, ಪಾದದ ಕೆಳಗೆ ಚೂರು ಪೌಡರ್ ಉದುರಿಸಿದ್ರೆ ಓಡತ್ತೆ, ನೋಡಿ. ಮಡಿಕೆ ಬರೋ ಕಡೆ ಮಾತ್ರ ಚಕ್ರ ಕೈಲೇ ತಿರುಗಿಸ್ಬೇಕು. ಛಾವಣಿ ಒಳಗಿನ ಬಟ್ಟೆ ಎರಡು ಸಲ ತಪ್ಪಿ ಮೂರನೇ ಸಲ ಕೂತ್ಕೊಳ್ತು.

ಬೇರೆ ಸಾಮಾನಿಗೆ ಜೆ.ಸಿ. ರಸ್ತೆ ಎಷ್ಟು ಸಲ ಸುತ್ತಿದೀವೋ. ಸಿಗದೇ ಇದ್ದಿದ್ದನ್ನ ಗುಂಪಿನೋರು ಅವರಿವರನ್ನ ಕೇಳಿ ತರಿಸಿದ್ರು. ಹಿಂದಿನ ದೀಪದ ಕೆಂಪು ಗಾಜನ್ನ ಮೈಸೂರಿನೋರೊಬ್ರು ಬಸ್ಸಲ್ಲಿ ಪಾರ್ಸೆಲ್ ಕಳಿಸಿದ್ರು. ದುಡ್ಡು ಎಷ್ಟು ಅಂದ್ರೆ, "ಓಡಿದ ದಿನ ಒಂದು ಫೋಟೊ ಕಳಿಸಿ ಸಾಕು" ಅಂದ್ರು. ಅವ್ರ ಮುಖಾನೂ ನಾನು ನೋಡಿಲ್ಲ. ಡಿಕ್ಕಿಯ ಮೂಲೆ ಉಜ್ಜಿ ನೋಡ್ದಾಗ ಕಂಪನಿಯಿಂದ ಬಂದಿದ್ದ ಬೂದು ಬಣ್ಣ ಸಿಕ್ತು. ಮಾವನೋರು ಆಮೇಲೆ ಬಿಳಿ ಹೊಡೆಸಿದ್ರು. ಮೂಲದ ಬೂದು ಹಾಕೋದೇ ಸರಿ ಅಂತ ಗುಂಪಿನೋರು. ನನಗೆ ಗೊತ್ತಿದ್ದಿದ್ದು ಬಿಳಿ ಕಾರು, ನಾನು ಸೇರು ಒದ್ದು ಬರೋ ಮುಂಚೆ ಇಳಿದಿದ್ದು ಬಿಳಿ ಕಾರಿಂದ. ಬಿಳೀನೇ ಆಯ್ತು. ಅವ್ರು ಸ್ವಲ್ಪ ಬೇಜಾರು ಮಾಡ್ಕೊಂಡ್ರು, ಆದ್ರೂ ಬಂದು ನಿಂತು ಮಾಡ್ಸಿದ್ರು.

2023ರ ಆಗಸ್ಟ್ ಹೊತ್ತಿಗೆ ಕಾರು ಸ್ಟಾರ್ಟ್ ಆಯ್ತು. ಸಂದೀಲಿ ನಿಂತ್ಕೊಂಡೇ ಬುರ್ ಅನ್ನತ್ತೆ, ಗೇಟ್ ದಾಟೋ ಹಂಗಿಲ್ಲ. ಕಾಗದ ಇಲ್ವಲ್ಲ. ಮೇಷ್ಟ್ರು ತಲೆ ಚಚ್ಕೊಂಡ್ರು. "ಮೊದ್ಲೇ ಹೇಳಿದ್ನಲ್ಲಮ್ಮಾ" ಅಂದ್ರು. ಕಾಗದದ ವಿಷಯ ನಿಮಗೂ ಉಪಯೋಗ ಆಗ್ಬಹುದು, ಕೇಳಿ. ಐವತ್ತು ವರ್ಷ ದಾಟಿದ ಗಾಡಿಗೆ ವಿಂಟೇಜ್ ಅಂತ ರಿಜಿಸ್ಟ್ರೇಷನ್ ಮಾಡ್ಸೋ ನಿಯಮ 2021ರಲ್ಲಿ ಕೇಂದ್ರ ಸರ್ಕಾರ ತಂದಿದೆ. ಹೊಸದಾಗಿ ಮಾಡ್ಸೋದಾದ್ರೆ 20,000 ರೂಪಾಯಿ ಫೀಸು, ಹತ್ತು ವರ್ಷಕ್ಕೆ. ಆದ್ರೆ ಅಂಥಾ ಗಾಡೀನ ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕ್ಸೋಕೆ ತೆಗೀಬಹುದೇ ಹೊರತು ದಿನಾ ಓಡಿಸೋ ಹಂಗಿಲ್ಲ. ನನಗೆ ನವರಂಗ್ ಹತ್ರ ತರಕಾರಿಗೂ ಹೋಗ್ಬೇಕು, ದೇವಸ್ಥಾನಕ್ಕೂ ಹೋಗ್ಬೇಕು. ಹಂಗಾಗಿ ಇರೋ ಆರ್‌ಸಿನೇ ನಮ್ಮ ಹೆಸರಿಗೆ ಮಾಡ್ಸಿ, ದಂಡ ಕಟ್ಟಿ, ಎಫ್‌ಸಿ ಮಾಡ್ಸಿ ಮುಂದುವರೆಸೋದು ಅಂತ ಆಯ್ತು. ಮಾಲೀಕರು ತೀರ್ಕೊಂಡಿದ್ರೆ ಫಾರಂ 31 ತುಂಬ್ಬೇಕು. ಜೊತೆಗೆ ಉಳಿದ ವಾರಸುದಾರರ ಒಪ್ಪಿಗೆ. ದಾವಣಗೆರೆ ನಾದಿನಿ ಒಂದೇ ದಿನದಲ್ಲಿ ಸಹಿ ಹಾಕಿ ಕಳಿಸಿದ್ಲು. ಉಳಿದಿದ್ದು ಮೈದುನ.

ನಮ್ಮನೆಯವ್ರು, "ನಾನಂತೂ ಹೋಗಲ್ಲ. ಬೇಕಾದ್ರೆ ಆ ಕಾರು ಅಲ್ಲೇ ಇರಲಿ" ಅಂದ್ರು. ಗಣೇಶನ ಹಬ್ಬ ಆಗಿ ಒಂದು ವಾರಕ್ಕೆ ನಾನೊಬ್ಳೇ ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆ. ಕೈಲಿ ಕರ್ಜಿಕಾಯಿ ಡಬ್ಬಿ, ಬ್ಯಾಗಲ್ಲಿ ಫಾರಂ. ವಾರಗಿತ್ತಿ ಬಾಗಿಲು ತೆಗೆದು ಒಂದು ಗಳಿಗೆ ಹಂಗೇ ನಿಂತ್ಳು. ಆಮೇಲೆ "ಬಾ ಅಕ್ಕ" ಅಂದ್ಳು. ಕಾಫಿ ಕೊಟ್ಳು. ಅಡಿಗೆಮನೇಲಿ ಇಬ್ರೇ ಇದ್ದಾಗ ನಾನು ಹೇಳಿದೆ, "ಶೆಡ್ ವಿಷಯದಲ್ಲಿ ನಮ್ಮದು ತಪ್ಪಾಯ್ತು ಕಣೆ. ಕಂತಲ್ಲಿ ಬೇಡ, ಮಾರಿಬಿಡಿ ಅಂತ ಇವ್ರಿಗೆ ಹೇಳ್ಕೊಟ್ಟಿದ್ದೇ ನಾನು." ಇದನ್ನ ನಾನು ಅಲ್ಲೀವರೆಗೂ ಯಾರ ಹತ್ರಾನೂ ಬಾಯಿಬಿಟ್ಟು ಹೇಳಿರ್ಲಿಲ್ಲ. ಅವಳು ಲೋಟ ತೊಳೀತಾ ಇದ್ದೋಳು, ತಿರುಗದೇನೇ "ಗೊತ್ತು ಅಕ್ಕ" ಅಂದ್ಳು. ಅಷ್ಟೇ ಅಂದಿದ್ದು. ಪರವಾಗಿಲ್ಲ ಅಂತ ಅನ್ನಲಿಲ್ಲ. ಅನ್ನಬೇಕಾಗೂ ಇರಲಿಲ್ಲ ಬಿಡಿ.

ಮೈದುನ ಸಂಜೆ ಬಂದ. ತಲೆ ಎಲ್ಲಾ ಬೆಳ್ಳಗಾಗಿತ್ತು. ಈಗ ಯಾರದ್ದೋ ಫ್ಯಾಕ್ಟರೀಲಿ ಸೂಪರ್‌ವೈಸರ್. ಫಾರಂ ಪೂರ್ತಿ ಓದ್ದ, ಕನ್ನಡಕ ಒರೆಸ್ಕೊಂಡ, ಸಹಿ ಹಾಕ್ದ. ನಾನು ಕಾರಿನ ಫೋಟೊ ತೋರಿಸೋಕೆ ಫೋನ್ ತೆಗೆದ್ರೆ ಬೇಡ ಅಂತ ಕೈಯಾಡಿಸ್ದ. ನಾನು ಚಪ್ಪಲಿ ಹಾಕ್ಕೊಳೋವಾಗ ಮಾತ್ರ ಒಂದು ಮಾತು ಕೇಳ್ದ.

"ಅತ್ತಿಗೆ, ಚೋಕ್ ಎಳೆದ್ರೆ ನಿಲ್ಲತ್ತಾ? ಒಳಗೆ ಹೋಗ್ಬಿಡತ್ತಾ?"

"ಒಳಗೆ ಹೋಗತ್ತಪ್ಪ. ಮೇಷ್ಟ್ರು ಕೈಲಿ ಹಿಡ್ಕೊಂಡಿರ್ತಾರೆ."

"ಅಪ್ಪ ಬಟ್ಟೆ ಕ್ಲಿಪ್ಪು ಹಾಕ್ತಿದ್ರು" ಅಂದ. ಒಳಗೆ ಹೋದ.

ರಾಜಾಜಿನಗರದ ಆರ್‌ಟಿಒಗೆ ನಾಲ್ಕು ಸಲ ಹೋಗಿ ಬಂದ್ಮೇಲೆ ಕಾಗದ ಆಯ್ತು, ಅದೇ ಎಂವೈ ನಂಬರಲ್ಲೇ. ಆಯುಧಪೂಜೆ ದಿನ ಅಕ್ಟೋಬರ್ 23ಕ್ಕೆ ಬೂದುಗುಂಬಳ ಒಡೆದು, ನಿಂಬೆಹಣ್ಣಿನ ಮೇಲೆ ಹತ್ತಿಸಿ ಬೀದಿಗೆ ತಂದ್ವಿ. ಅದೇ ತಿಂಗಳ ಕೊನೇಲಿ ಮುಂಬೈನ ಪದ್ಮಿನಿ ಟ್ಯಾಕ್ಸಿಗಳು ರಸ್ತೆ ಬಿಟ್ವು. ಕೊನೇ ಗಾಡಿ ರಿಜಿಸ್ಟರ್ ಆಗಿದ್ದು 2003ರ ಅಕ್ಟೋಬರ್ 29ಕ್ಕೆ, ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಟಿವೀಲಿ ತೋರಿಸ್ತಿದ್ರು. ನಮ್ಮನೆಯವ್ರು ಎದ್ದು ಹೋಗಿ ಸಂದೀಲಿ ಕಾರು ನೋಡ್ಕೊಂಡು ಬಂದ್ರು.

ದಸರಾ ಮುಗಿದ ಭಾನುವಾರ ಎಲ್ಲಾದ್ರೂ ಹೋಗೋಣ ಅಂದ್ರು. ಎಲ್ಲಿಗೆ ಅಂದೆ. "ಮೈಸೂರ್ ರೋಡ್ ಕಡೆ" ಅಂದ್ರು. ನಾನೇನೂ ಕೇಳಲಿಲ್ಲ, ಚಿತ್ರಾನ್ನ ಎರಡು ಡಬ್ಬಿ ಜಾಸ್ತಿ ಕಟ್ಕೊಂಡೆ. ಕಾರ್ಡ್ ರೋಡಲ್ಲಿ ವಿಜಯನಗರ, ಅತ್ತಿಗುಪ್ಪೆ ದಾಟೋವರೆಗೂ ಚೆನ್ನಾಗೇ ಬಂತು. ಸಿಗ್ನಲ್ಲಲ್ಲಿ ಜನ ಫೋಟೊ ತೆಗೀತಿದ್ರು. ನಾಯಂಡಹಳ್ಳಿ ಜಂಕ್ಷನ್ ಟ್ರಾಫಿಕ್ಕಲ್ಲಿ ಇಪ್ಪತ್ತು ನಿಮಿಷ ನಿಂತಿದ್ದೇ ನಿಂತಿದ್ದು, ಬಾನೆಟ್ಟಿಂದ ಬುಸ್ ಅಂತ ಹೊಗೆ. ಹೆಂಗೋ ಪಕ್ಕಕ್ಕೆ ತಳ್ಳಿಸಿದ್ವಿ. ನಮ್ಮನೆಯವ್ರು ಮದುವೆ ದಿನ ನಿಂತಿದ್ರಲ್ಲ, ಹಂಗೇ ನಿಂತ್ರು. ಮೇಷ್ಟ್ರಿಗೆ ಫೋನ್ ಮಾಡ್ತಾರೆ ಅಂದ್ಕೊಂಡೆ. ಸ್ವಲ್ಪ ಹೊತ್ತು ಫೋನ್ ಹಿಡ್ಕೊಂಡು ನಿಂತು, ಆಮೇಲೆ ನಂಬರ್ ಒತ್ತಿದ್ರು.

"ರೇಡಿಯೇಟರ್ ಕುದೀತಿದೆ ಕಣೋ. ನಾಯಂಡಹಳ್ಳೀಲಿದೀವಿ."

ಹನ್ನೆರಡು ವರ್ಷಕ್ಕೆ ಆಡಿದ ಮೊದಲ ಮಾತು. ಆ ಕಡೆಯಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. ಇವ್ರು "ಇಲ್ಲ, ಮುಚ್ಚಳ ಮುಟ್ಟಿಲ್ಲ" ಅಂತ ಹೇಳಿದ್ದು ಮಾತ್ರ ಕೇಳಿಸ್ತು.

ಅರ್ಧ ಗಂಟೇಲಿ ಸ್ಕೂಟರ್ ಬಂತು. ಮುಂದೆ ಕಾಲ ಹತ್ರ ನೀರಿನ ಕ್ಯಾನು, ಹಿಂದೆ ಅವನ ಮಗಳು. ಮೈದುನ ಯಾರ ಮುಖಾನೂ ನೋಡಲಿಲ್ಲ, ನೆಟ್ಟಗೆ ಬಾನೆಟ್ ಹತ್ರ ಹೋದ. ಎಂಜಿನ್ ಆರೋವರೆಗೂ ಕಾಯ್ಬೇಕಲ್ಲ, ಆ ಹೊತ್ತಲ್ಲಿ ಕಾರಿನ ಸುತ್ತ ಒಂದು ಸುತ್ತು ಬಂದ. ಎಡಗಡೆ ಬಾಗಿಲ ಕೆಳಗೆ ಬಗ್ಗಿ ಬೆರಳಲ್ಲಿ ತಟ್ಟಿ ನೋಡ್ದ. "ವೆಲ್ಡಿಂಗ್ ಚೆನ್ನಾಗ್ ಮಾಡಿದಾರೆ" ಅಂದ. ಬಟ್ಟೆ ಸುತ್ತಿ ಮುಚ್ಚಳ ತೆಗೆದ, ನೀರು ಹುಯ್ದ, ಫ್ಯಾನ್ ಬೆಲ್ಟ್ ಒತ್ತಿ ನೋಡಿ ಸಡಿಲ ಆಗಿದೆ ಅಂತ ಬಿಗಿ ಮಾಡ್ದ. ಆಮೇಲೆ ಜೇಬಿಂದ ನೀಲಿ ಬಣ್ಣದ ಬಟ್ಟೆ ಕ್ಲಿಪ್ಪು ಒಂದು ತೆಗೆದು ಅಣ್ಣನ ಕೈಗೆ ಕೊಟ್ಟ. ಅಲ್ಲಿಂದ ಕೆಂಗೇರಿವರೆಗೂ ಅವನೇ ಓಡಿಸ್ದ, ಇವ್ರು ಪಕ್ಕದಲ್ಲಿ ಕೂತ್ರು. ಹಿಂದೆ ನಾನು. ಸ್ಕೂಟರ್ ಅವನ ಮಗಳು ತಂದ್ಳು. ಚಿತ್ರಾನ್ನ ಸರಿಯಾಗಿ ಆಯ್ತು.

ಇದೆಲ್ಲಾ ಆದ್ಮೇಲೆ ಅಣ್ಣ ತಮ್ಮ ರಾಮ ಲಕ್ಷ್ಮಣ ಆದ್ರು ಅಂತ ನಾನು ಹೇಳಲ್ಲ. ಎರಡು ವಾರಕ್ಕೊಂದು ಸಲ ಮೈದುನ ಬರ್ತಾನೆ, ಇಬ್ರೂ ಕಾರಿನ ವಿಷಯ ಮಾತಾಡ್ತಾರೆ. ಬೇರೆ ವಿಷಯ ಇಲ್ಲ. ಶೆಡ್ಡಿನ ಮಾತು ಇವತ್ತಿಗೂ ಯಾರೂ ಎತ್ತಿಲ್ಲ. ನಾನೂ ವಾರಗಿತ್ತೀನೂ ಅಡಿಗೆಮನೇಲಿ ಕೂತು ಅವ್ರು ಬಾನೆಟ್ ಕೆಳಗೆ ವಾದ ಮಾಡೋದನ್ನ ಕೇಳಿಸ್ಕೊಳ್ತೀವಿ. ಕಾರು ಮಾರೋ ಯೋಚನೆ ಬಿಟ್ಟೆ. ಮೆಟ್ಲು ಕಟ್ಸಿಲ್ಲ, ಬಾಡಿಗೇನೂ ಇಲ್ಲ. ಅಮೆರಿಕದಲ್ಲಿರೋ ನಮ್ಮ ಮಗನಿಗೆ ಕಾರು ಬೇಡ್ವಂತೆ. ಮೈದುನನ ಮಗಳು ಅದರಲ್ಲೇ ಗೇರ್ ಹಾಕೋದು ಕಲೀತಿದಾಳೆ.

ಇನ್ನು ಲೆಕ್ಕ. ಟಿಂಕರಿಂಗ್, ವೆಲ್ಡಿಂಗ್ 95,000. ಎಂಜಿನ್ 70,000. ಪೇಂಟು 60,000. ಬ್ರೇಕು, ಟೈರು 48,000. ರಬ್ಬರ್ರು, ಗಾಜು, ಸಣ್ಣ ಸಾಮಾನು 27,000. ವೈರಿಂಗ್, ಬ್ಯಾಟರಿ 22,000. ಪ್ಲೇಟಿಂಗ್ 18,000. ಕಾಗದಪತ್ರ 12,000. ಸೀಟಿನ ರೆಕ್ಸಿನ್ನು, ಬಟ್ಟೆ 10,000. ಒಟ್ಟು 3,62,000 ರೂಪಾಯಿ. ಗುಂಪಿನೋರು ಕೂಲಿ ಅಂತ ಒಂದು ಪೈಸೆ ತಗೊಳಲಿಲ್ಲ, ತಿಂಡಿ ಮಾತ್ರ ತಿಂದ್ರು.

ನಿಮ್ಮನೆ ಸಂದೀಲೂ ಇಂಥದ್ದೊಂದು ನಿಂತಿದ್ರೆ ಗುಜರಿಯವನಿಗೆ ಹೇಳೋ ಮುಂಚೆ ನನಗೆ ಒಂದು ಫೋನ್ ಮಾಡಿ, ಮೇಷ್ಟ್ರನ್ನ ಕಳಿಸ್ತೀನಿ. ಸ್ಟಾರ್ಟ್ ಮಾಡ್ಬೇಡಿ. ಕಾಗದ ಮೊದಲು ಸರಿ ಮಾಡ್ಕೊಳಿ. ಆಮೇಲೆ, ವಾಷಿಂಗ್ ಮೆಷಿನ್ ಪೈಪು ಎಲ್ಲಿಗೆ ಬಿಟ್ಟಿದೀರಿ ಅಂತ ಒಂದ್ಸಲ ನೋಡ್ಕೊಳಿ.